ನಗಿಸುವ ಡಾಕ್ಟರು

೧೯೪೩ರ ಒಂದು ಸೋಮವಾರ, ಮಳವಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಗುಮಾಸ್ತ ಸಿದ್ದರಾಜುವಿನ ಬೆನ್ನ ಹಿಂದೆ ಅಕ್ಕತಂಗಿಯರಿಬ್ಬರು ಮಾತಿಗಿಳಿದಿದ್ದರು. ನಡುವೆ ಅಕ್ಕನ ಸೊಸೆ ರೇವಮ್ಮ ತಲೆ ತಗ್ಗಿಸಿ ಕೂತಿದ್ದಳು.

“ಡಾಕ್ಟ್ರು ಏನಂದ್ರಕ್ಕಾ?”

“ಮಾತಾಡದ ಸೊಸೆ ಸಿಕ್ಕೋದು ಪುಣ್ಯ, ನಂಗೂ ಒಬ್ಬಳನ್ನ ಉಡುಕ್ಕೊಡಿ ಅಂದ. ಅಂದು ಅವನೇ ನಕ್ಕ.”

“ಕೂಸು ಸತ್ತ ಮೂರು ತಿಂಗ್ಳಿಂದ ಇವಳು ತುಟಿ ಬಿಚ್ಚಿಲ್ಲ ಅಂತ ಯೋಳ್ನಿಲ್ವಾ?”

“ಯೋಳ್ದೆ. ನಗಸೋದೇ ಇದ್ಕೆ ಔಸ್ದಿ ಅಂದ.”

“ನಗಸಕ್ಕೆ ಅವನೇನು ಇವಳ ಬಾವನಾ? ಥೂ!”

“ಬಾವ ಆಗಕ್ಕೂ ಒಂದು ಮೊಕ ಬೇಕು,” ಎಂದಿತು ಮೂರನೆಯ ದನಿ, ಒಡೆದು, ಒರಟಾಗಿ. “ಬಂಡೂರು ಟಗರು ಅಲ್ಲು ಕಿಸ್ದಂಗೆ ಕಿಸೀತಾನೆ.”

ಅಕ್ಕತಂಗಿಯರು ರೇವಮ್ಮನತ್ತ ತಿರುಗಿದರು. ಸಿದ್ದರಾಜು ತಿರುಗಿ ನೋಡಲಿಲ್ಲ.

ಬಸ್ಸು ಬಂತು. ಅತ್ತೆ ಸೊಸೆಯ ಕೈ ಹಿಡಿದು ಹತ್ತಿಸಿದಳು.

“ಮುಂದ್ಲ ಸ್ವಾಮಾರನೂ ಬರಾನ ಕಣವ್ವ. ಅವನ್ನ ಇನ್ನೊಸಿ ಬಯ್ಯೀವಂತೆ.”