ಕಾಲುವೆಯೊಳಗಿನ ವಸ್ತಿ

ಶಹಾಪುರದ ನಮ್ಮ ಹುಡುಗಿಯರ ಹಾಸ್ಟೆಲಿನಲ್ಲಿ ಆ ಸಂಜೆ ಮಳೆ ಹಿಡಿದಿತ್ತು, ಕರೆಂಟು ಹೋಗಿತ್ತು. ಪ್ರವಾಸಕ್ಕೆ ಎಲ್ಲಿಗೆ ಹೋಗುವುದು, ರಾತ್ರಿ ಎಲ್ಲಿ ತಂಗುವುದು ಎಂಬುದನ್ನು ನಾವೇ ಗೊತ್ತುಮಾಡಬೇಕಿತ್ತು. ಅಡುಗೆಮನೆಯ ಒಲೆಯ ಸುತ್ತ ಕೂತು ಒಂದೇ ಸಮನೆ ಜಗಳವಾಡುತ್ತಿದ್ದೆವು. ಇಲ್ಲೇ ರೊಟ್ಟಿ ಬಡಿಯುತ್ತ ಮುದುಕಿಯಾದ ಲಾಲಮ್ಮಜ್ಜಿ ಹಿಟ್ಟಿನ ಕೈ ಎತ್ತಿ ಗದರಿದಳು.

“ಸಾಕ್ ಮಾಡ್ರಿ ನಿಮ್ಮ ಗದ್ದಲ! ಕಾಲುವಿಗೆ ಹೊಸದಾಗಿ ನೀರ್ ಬಿಟ್ಟ ಕಾಲದ ಮಾತ ಹೇಳ್ತೀನಿ, ಕೇಳ್ರಿ... ಗೌಹರಬೇಗಂ ಟೀಚರ್ ಅಂತ ಇದ್ರು. ‘ಹುಡುಗ್ಯಾರು ದೊಡ್ಡವ್ರಾಗ್ಯಾರ, ಸುರಪುರ ಗುಡ್ಡಕ್ಕ ನಡಕೊಂಡ್ ಹೋಗ್ಲಿ, ದಾರ್ಯಾಗ ಒಂದ್ ರಾತ್ರಿ ವಸ್ತಿ, ಎಲ್ಲಾ ಬಂದೋಬಸ್ತ್ ಅವ್ರೇ ಮಾಡ್ಲಿ, ನಾವು ನಡುವ ಬಾಯಿ ಹಾಕೂದ್ ಬ್ಯಾಡ’ ಅಂದ್ರು. ನಾನು ಬುತ್ತಿ ಗಂಟು ಹೊತ್ತು ಹಿಂದ ಹೊಂಟೆ.

ವಸ್ತಿಗೆ ಜಾಗ ಹುಡುಕೂ ಕೆಲಸ ಸಗರದ ದುರಗಮ್ಮಂದು. ಭಾಳ ಚುರುಕ್ ಹುಡುಗಿ. ಮುಂದ ಓಡಿ ಹೋಗಿ ನಕ್ಕೋತ ಬಂದ್ಲು. ‘ಕಾಲುವಿ ಗೇಟ್ ಕಾಯೂ ಹುಲಗಪ್ಪ ಸಿಕ್ಕಿದ್ನರಿ. ಇವತ್ತ ನೀರ್ ಬಿಡೂ ಪಾಳಿ ಇಲ್ಲಂತ. ಕಾಲುವಿ ಒಳಗ ಮಲಕೋರಿ, ಸಿಮೆಂಟ್ ಐತಿ, ಹಾವಿಲ್ಲ, ಚೇಳಿಲ್ಲ, ಥಂಡಿ ಗಾಳಿನೂ ಬಡ್ಯಂಗಿಲ್ಲ ಅಂದ.’ ಗೇಟಿನವನೇ ಹೇಳಿದ ಮ್ಯಾಲ ಇನ್ನೇನು? ಹುಡುಗ್ಯಾರು ಇಳದು ಜಮಖಾನಿ ಹಾಸೇ ಬಿಟ್ರು.

ವಸ್ತಿಗೆ ಜಾಗ ಕೊಟ್ಟವ್ರ ಮನಿಗೆ ಮೊದಲ ರೊಟ್ಟಿ ಹೋಗ್ಬೇಕು, ಅದು ನಮ್ಮ ಪದ್ಧತಿ. ಹೊತ್ತು ಮುಳಗಾಕತ್ತಿತ್ತು. ರೊಟ್ಟಿ, ಶೇಂಗಾ ಹಿಂಡಿ ಕಟಗೊಂಡು ಕಾಲುವಿ ದಂಡಿ ಮ್ಯಾಲಿನ ಅವನ ಮನಿಗೆ ಹೋದೆ. ಅವನ ಹೆಂಡ್ತಿ ಹಣಮಮ್ಮ ಬಾಗಲಕ ಬಂದ್ಲು... ಹಣಿ ಬರಿದು, ಕೈಯಾಗ ಒಂದ್ ಬಳಿ ಇಲ್ಲ. ‘ಕಾಲುವ್ಯಾಗ ವಸ್ತಿ ಹಾಕೀವಿ, ರೊಟ್ಟಿ ತಗೋ’ ಅಂದೆ. ‘ಕಾಲುವ್ಯಾಗ ಮಲಕೋರಿ ಅಂತ ಯಾರ್ ಹೇಳಿದ್ರವ್ವ?’ ಅಂದ್ಲು. ‘ನಿನ್ನ ಗಂಡ’ ಅಂದೆ. ಆಕಿ ನನ್ನ ರಟ್ಟಿ ಗಟ್ಟಿ ಹಿಡದ್ಲು. ‘ಅವ ಹೋಗಿ ವರ್ಷಾತು. ಪಾಳಿ ಇಲ್ಲಂತ ಅಲ್ಲೇ ಮಕ್ಕೊಂಡಿದ್ದ, ಮ್ಯಾಲಿನ ಗೇಟ್ ಯಾವನೋ ಎತ್ತಿಬಿಟ್ಟ... ಅಯ್ಯ, ಓಡವ್ವ! ಇವತ್ತ ನೀರ್ ಬಿಡ್ತಾರ!’

ಓಡ್ದೆ, ಒದರಿದೆ. ಟೀಚರ್ ಹುಡುಗ್ಯಾರನ್ನ ಎಳದೆಳದು ಮ್ಯಾಲ ಹತ್ತಿಸಿದ್ರು. ದುರಗಮ್ಮ ಒಬ್ಬಾಕಿ ಬರವಲ್ಲಳು! ಒಳಗ ನಿಂತು ಬಾಜೂಕ ಕೈ ತೋರಿಸಿ, ‘ಇಲ್ಲೇ ಕುಂತಾನಲ್ಲರಿ, ನೀರಿಲ್ಲ ಅನ್ನಾಕತ್ತಾನ’ ಅಂತಾಳ. ಅಲ್ಲಿ ಯಾರಿದ್ರು, ಹೇಳ್ರಿ? ಯಾರೂ ಇಲ್ಲ! ನಾನೇ ಇಳದು ಜಡಿ ಹಿಡದು ಎಳಕೊಂಡ್ ಬಂದೆ... ಹಿಂದೇ ನೀರು ಗುಡುಗುಡು ಬಂತು. ಜಮಖಾನಿ, ಬುತ್ತಿ, ಎಲ್ಲಾ ಕೊಚ್ಚಿಕೊಂಡು ಹೋತು.”

ನನ್ನ ಪಕ್ಕದ ದೇವಕಮ್ಮ ಒಲೆಯ ಹತ್ತಿರಕ್ಕೆ ಸರಿದು ಸಣ್ಣ ದನಿಯಲ್ಲಿ, “ಸುಳ್ಳ ಹೇಳಿ ಕೊಲ್ಲಾಕ ಬಂದಿದ್ನೇನಜ್ಜಿ?” ಎಂದಳು.

“ಸುಳ್ಳ ಯಾಕ ಹೇಳ್ಯಾನವ್ವ, ಪಾಪ!” ಎಂದಳು ಲಾಲಮ್ಮಜ್ಜಿ. “ಈಗೂ ಹೊತ್ತು ಮುಳಗೂ ಮುಂದ ದಂಡಿ ಮ್ಯಾಲ ನಿಂತು ಹೋಗೂರು ಬರೂರಿಗೆ ಅದನ್ನೇ ಹೇಳ್ತಾನ... ನಿದ್ದ್ಯಾಗ ಹೋದವ ಅವ. ಅವನ ಪಾಲಿಗೆ ನೀರು ಇನ್ನಾ ಬಂದೇ ಇಲ್ಲ.”