ಜೋಳದ ದಂಟಿನ ಕಡಾಣಿ

ಸಂಡೂರಿನಿಂದ ಹೊಸಪೇಟೆಗೆ ಇಳಿಯುವ ದಾರಿಯಲ್ಲಿ ಮಳೆಗೆ ಹಳ್ಳ ಬಂದಿತ್ತು. ನೀರು ಇಳಿಯುವವರೆಗೆ ಯಾರೂ ದಾಟುವಂತಿರಲಿಲ್ಲ. ಸಂಜೆಯ ಹೊತ್ತಿಗೆ ಅದಿರು ಸಾಗಿಸುವ ಬಂಡಿಯವರೆಲ್ಲ ಮುದುಕಿ ಉಚ್ಚೆಂಗಮ್ಮನ ಖಾನಾವಳಿಯ ಒಲೆಯ ಸುತ್ತ ಸೇರಿದ್ದರು. ಡ್ರೈವರ್ ಕೊಟ್ರಯ್ಯನೊಬ್ಬ ಮಾತ್ರ ಬಾಗಿಲಲ್ಲೇ ಕುಳಿತು, ಹುಣಸೆಮರದ ಕೆಳಗೆ ನಿಲ್ಲಿಸಿದ್ದ ಕಾರನ್ನೇ ನೋಡುತ್ತಿದ್ದ. ವಕೀಲ ಗೋಪೀನಾಥರಾಯರ ಕಾರು ಅದು. ರಾಯರು ಸಂಡೂರಿನಲ್ಲೇ ಉಳಿದು, ಖಾಲಿ ಕಾರನ್ನು ಮನೆಗೆ ಕಳಿಸಿದ್ದರು. ದಾರಿಯಲ್ಲಿ ಒಬ್ಬರನ್ನು ಹತ್ತಿಸಿದರೂ ಅಂದೇ ಕೆಲಸ ಬಿಡಬೇಕೆಂದು ತಾಕೀತು ಮಾಡಿದ್ದರು. ಕೊಟ್ರಯ್ಯನ ಮನೆಯ ಒಲೆ ಉರಿಯುತ್ತಿದ್ದುದು ಆ ಕೆಲಸದಿಂದಲೇ.

"ಒಳಗ ಬಂದು ಕುಂದ್ರಪ. ನಿನ್ನ ಕಾರಿಗೇನು ರೆಕ್ಕಿ ಬಂದಾವ, ಹಾರಿಹೋಗಾಕ?" ಎಂದಳು ಮುದುಕಿ.

ಕೊಟ್ರಯ್ಯ ನಕ್ಕು ಜೇಬು ತಟ್ಟಿದ. "ಹಾರೋದಿರ್ಲಿ ಯವ್ವಾ, ಅಲ್ಲಾಡಾಕೂ ಆಗಂಗಿಲ್ಲ. ಎಂಜಿನ್ನಿನಾಗಿನ ರೋಟರು ಕಿತ್ತು ಜೇಬಿನಾಗ ಇಟ್ಕಂಡೀನಿ. ಹೆಬ್ಬಟ್ಟಿನಷ್ಟು ತುಣುಕು. ಅದಿಲ್ದ ಯಾವ ಕಳ್ಳ ಬಂದ್ರೂ ಗಾಡಿ ಚಾಲೂ ಆಗಂಗಿಲ್ಲ."

ರೊಟ್ಟಿ ತಟ್ಟುತ್ತಿದ್ದ ಮುದುಕಿಯ ಕೈ ನಿಂತಿತು.

"ಆ ಮರದ ಕೆಳಗ ನಿಂದ್ರಿಸಿ ಕಿತ್ತೀಯಾ?... ಥೂ ನಿನ್ನ! ಕೇಳಬಾರದಾ ಒಂದು ಮಾತು? ಬರ್ರಿ, ಎಲ್ಲಾರೂ ಇತ್ತಾಗ ಸರೀರಿ, ಹೇಳ್ತೀನಿ.

"ನಂಗಾಗ ಹರೇದ ವಯಸ್ಸು. ನನ್ನ ಗುಡಿಸಲು ಹಳ್ಳದ ಅತ್ತಾಕಡಿ ಇತ್ತು, ಬಂಡಿಯವ್ರೆಲ್ಲಾ ಈ ಮರದ ಕೆಳಗ ಬಂಡಿ ಬಿಟ್ಟು ಉಣ್ಣಾಕ ಅಲ್ಲಿಗೆ ಬರೋರು. ಬಂಡಿ ಕಳ್ಳರ ಕಾಟ ಅಂದ್ರ ಅಷ್ಟಿಷ್ಟಲ್ಲ. ಅದಕ್ಕ ಮೂಕಣ್ಣ ಅಂಬೋ ಬಂಡಿಯಾಂವ ಒಂದು ಹಂಚಿಕಿ ಹೂಡಿದ. ಗಾಲಿ ಕಳಚದಂಗ ಅಚ್ಚಿನ ತುದೀಗೆ ಕಬ್ಬಿಣದ ಕಡಾಣಿ ಹಾಕಿರ್ತಾರಲ್ಲ, ಅದನ್ನ ಕಿತ್ತು ಸೊಂಟಕ್ಕ ಸಿಗಿಸ್ಕಂಡು, ಆ ತೂತಿಗೆ ಜೋಳದ ದಂಟು ತುರುಕಿ, ಮ್ಯಾಲೆ ಅಚ್ಚಿಗೆ ಹಚ್ಚೋ ಕರೀ ಕೀಲೆಣ್ಣಿ ಬಳಿಯಾಂವ. ನೋಡಿದ್ರ ಕಬ್ಬಿಣಾನ! ಕಳ್ಳ ಎತ್ತು ಹೂಡಿ ಹೊಡ್ಕಂಡು ಹೊಂಟ ಅನ್ರಿ... ಇಳಿಜಾರಿಗೆ ಬರೋದ್ರಾಗ ದಂಟು ಮುರೀತು, ಗಾಲಿ ಹೋತು, ಬಂಡಿ ಧಡಾರಂತ ಬಿತ್ತು. 'ಕಳ್ಳಗ ಕಾವಲು ಯಾಕ ಬೇಕು, ಬಂಡೀನ ಒದರಿ ನನ್ನ ಕರೀತೈತಿ' ಅಂತ ಮೀಸಿ ತಿರುವಾಂವ. ಸುಳ್ಳ್ಯಾಕ ಹೇಳ್ಲಿ, ಎರಡು ಸಲ ಹಂಗ ಕಳ್ಳರನ್ನ ಹಿಡಿದಾ ಹಿಡಿದ. ಆಮ್ಯಾಲೆ ಎಲ್ಲಾ ಬಂಡಿಯವ್ರೂ ಅದನ್ನ ಕಲ್ತರು.

"ಒಂದಿನ ಹಿಂಗ ಹೊತ್ತು ಮುಳುಗಾಕತ್ತಿತ್ತು, ಮೂಕಣ್ಣ ಉಣ್ಣಾಕ ಕುಂತಿದ್ದ, ಆ ಸದ್ದಾತು ನೋಡ್ರಿ... ಧಡಾರ್! 'ಬಿದ್ದ ಮಗ!' ಅಂತ ಕೇಕಿ ಹಾಕಿ ನಕ್ಕ. ಅದರ ಹಿಂದ ಒಂದು ದನಿ. ನಾನಂದೆ, ಏ ಮೂಕಣ್ಣಾ, ಹೆಣ್ಣಿನ ದನಿ ಕೇಳ್ತೈತಿ, ಏಳೋ. 'ಒದರ್ಲಿ ಬಿಡು, ಕಾಲು ಮುರಿದಿರಬೇಕು, ಎಲ್ಲಿ ಓಡ್ಯಾನು' ಅಂದ. ಇನ್ನೊಂದು ರೊಟ್ಟಿ ಹಾಕಿಸ್ಕಂಡ. ಮಜ್ಜಿಗಿ ಕುಡದ. ಕೈ ತೊಳಕಂಡು, ಬಡಿಗಿ ಹಿಡಕಂಡು ಹೋದ. ಹಿಂದ ನಾನೂ ಹೋದೆ.

"ಕಳ್ಳ ಎಲ್ಲಿ ಬಂದ? ಮ್ಯಾಲಿನ ಹಟ್ಟಿ ಚನ್ನಯ್ಯ. ಹೆಣ್ತಿ ಭರಮಮ್ಮಗ ಹೆರಿಗಿ ಕಷ್ಟಾಗಿ, ಕೂಗಿ ಕೂಗಿ ಯಾರೂ ಬರದಾಗ, ಮರದ ಕೆಳಗಿದ್ದ ಬಂಡಿ ಹೂಡ್ಕಂಡು ಹೊಸಪೇಟಿ ಆಸ್ಪತ್ರಿಗೆ ಹೊಂಟಿದ್ದ. ಬಂಡಿ ಆಕಿ ಮ್ಯಾಲೆ ಬಿದ್ದಿತ್ತು. ಒಬ್ಬಾಂವ ಎತ್ತಾಕ ಹೋಗಿ ಹೋಗಿ ಅವನ ಕೈಯೆಲ್ಲಾ ರಕ್ತ. ಮೂಕಣ್ಣ ಬಡಿಗಿ ಒಗದು ಹೆಗಲು ಕೊಟ್ಟ. ಏನು ಬಂತು? ನಾವು ಎತ್ತೋದ್ರಾಗ ಎರಡು ಜೀವ ಹೋಗಿದ್ದುವು... ಒಂದು ತುತ್ತು ಮೊದಲು ಎದ್ದಿದ್ರ? ಆ ಪ್ರಶ್ನಿ ಮೂಕಣ್ಣನ್ನ ತಿಂದು ಹಾಕ್ತು. ಮತ್ತ ಅನ್ನ ಅಂಬೋದು ಅವನ ಗಂಟಲಾಗ ಇಳೀಲಿಲ್ಲ.

"ಆ ದಂಟಿಗೇನು ಗೊತ್ತಪ? ಕಳ್ಳ ಯಾರು, ಕಷ್ಟದಾಗಿರೋನು ಯಾರು ಅಂತ ಅದಕ್ಕೇನು ಕಣ್ಣೈತಾ? ಕಣ್ಣು ಕಿವಿ ಇರೋದು ಮನಷ್ಯಾಗ.

"ಅವತ್ತಿಂದ ಆ ಮರದ ಕೆಳಗ ಯಾರು ಕಡಾಣಿ ಕಿತ್ರೂ ಅದು ಅವರ ಸೊಂಟದಾಗ ಇರಂಗಿಲ್ಲ. ತಿರುಗಿ ಗಾಲಿಗೇ ಹೋಗಿರ್ತೈತಿ. ಸೊಂಟದಾಗ ಇರೋದು ದಂಟಿನ ಚೂರು... ಯಾಕ್ರಪಾ ನಗಾಕತ್ತೀರಿ? ಒಂದ್ಸಲ ಹಂಗಾದಾಗ ಹಾವು ಕಡದೋನು ಅದ ಬಂಡ್ಯಾಗ ಹೋಗಿ ಬದುಕಿದ. ಇನ್ನೊಂದ್ಸಲ ಒಂದು ಬಾಣಂತಿ."

ಕೊಟ್ರಯ್ಯನಿಗೂ ನಗು ಬಂದಿತ್ತು. "ಅದು ಎತ್ತಿನ ಬಂಡಿ ಮಾತು ಯವ್ವಾ, ಕಾರಿಂದಲ್ಲ," ಎನ್ನುತ್ತಾ ರೋಟರು ತೋರಿಸಲು ಜೇಬಿಗೆ ಕೈ ಹಾಕಿದ. ಬೆರಳಿಗೆ ಜಿಡ್ಡು ಹತ್ತಿತು. ಹೊರಗೆ ಬಂದದ್ದು ಕೀಲೆಣ್ಣೆ ಬಳಿದ ಜೋಳದ ದಂಟಿನ ಚೂರು.

ಅವನು ಮಳೆಯಲ್ಲೇ ಓಡಿದ. ಬಾನೆಟ್ ಎತ್ತಿ, ಮುಚ್ಚಳ ಬಿಚ್ಚಿ ನೋಡಿದ. ರೋಟರು ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿತ್ತು. ಹಿಂದೆಯೇ ಲಾಟೀನು ಹಿಡಿದು ಬಂದ ಉಚ್ಚೆಂಗಮ್ಮ ಕಾರಿನತ್ತ ನೋಡಲೂ ಇಲ್ಲ, ಮೇಲಿನ ಹಟ್ಟಿಯ ದಾರಿಗೆ ಕಿವಿಗೊಟ್ಟು ನಿಂತಳು. ಹಳ್ಳದ ಸದ್ದು ಇಳಿಯುತ್ತಿತ್ತು.

"ಯವ್ವಾ, ರಾಯರು ಕೆಲಸದಿಂದ ತೆಗೀತಾರ..." ಎಂದ ಕೊಟ್ರಯ್ಯ.

"ತೆಗೀಬಹುದಪ. ಆದ್ರ ಭರಮಮ್ಮ ಸುಮ್‌ಸುಮ್ನ ತಿರುಗಿ ಹಾಕಂಗಿಲ್ಲ," ಎಂದಳು ಮುದುಕಿ. "ಯಾರೋ ಬರಾಕತ್ತಾರ. ಹಿಂದಿನ ಬಾಗಿಲು ತೆಗದು ಇಡು."