ಎರಡು ಸಾಲಿನ ಡ್ಯೂಟಿ ಚಾರ್ಟ್

…ಅಲ್ಲ ಡಾಕ್ಟ್ರೇ, ಕ್ಷಮಿಸಿ, ನಾನು ಹೇಳೋ ರೀತೀಲೇ ತಪ್ಪಿದೆ. ಶುರುವಿಂದ ಹೇಳ್ತೀನಿ. ಶುರು ಅಂದ್ರೆ ಹುಟ್ಟಿದಾಗಿಂದಲ್ಲ, ಮೊನ್ನೆಯಿಂದ. ಮೊನ್ನೆ ನನ್ನ ಹೆಂಡತಿ ಒಗೆದ ಬಟ್ಟೆ ಹೊತ್ಕೊಂಡು ಮೆಟ್ಟಿಲು ಹತ್ತುವಾಗ ತಲೆ ಸುತ್ತಿ ಬಿದ್ಲು. ನೀವು ಅಡ್ಮಿಟ್ ಮಾಡ್ಕೊಂಡ್ರಿ. ಈಕೆ ದಿನಾ ಏನೇನು ಮಾಡ್ತಾರೆ, ಗಂಟೆ ಪ್ರಕಾರ ಬರ್ಕೊಂಡು ಬನ್ನಿ ಅಂದ್ರಿ. ಅದೇ ಈ ಹಾಳೆ.

ನಾನು ಬಸ್ ಡಿಪೋದಲ್ಲಿ ಡ್ಯೂಟಿ ಚಾರ್ಟ್ ಬರೆಯೋನು. ಮೂವತ್ತೊಂದು ವರ್ಷ ಆಯ್ತು. ಅದಕ್ಕೇ ಗೆರೆ ಇಷ್ಟು ನೆಟ್ಟಗಿದೆ. ಮೇಲಿನ ಸಾಲು ಅವಳದ್ದು. ಕೆಳಗಿಂದು ನನ್ನದು, ಹೋಲಿಸಿ ನೋಡೋಕೆ. ನೀವು ಕೇಳಿರಲಿಲ್ಲ, ಗೊತ್ತು.

ನನಗೆ ಡ್ಯೂಟಿ ಎಂಟು ಗಂಟೆ, ವಿಶ್ರಾಂತಿ ಎಂಟು, ನಿದ್ದೆ ಎಂಟು. ಅವಳಿಗೆ ಡ್ಯೂಟಿ ನಾಲ್ಕೂವರೆ, ವಿಶ್ರಾಂತಿ ಹನ್ನೆರಡೂವರೆ, ನಿದ್ದೆ ಏಳು.

ಯಾಕೆ ನಗ್ತಿದ್ದೀರಿ? …ನಗ್ತಿಲ್ಲ. ಸರಿ.

ಡಿಪೋದಲ್ಲಿ ಒಂದು ಲೆಕ್ಕ ಇದೆ ಡಾಕ್ಟ್ರೇ. ಚಕ್ರ ತಿರುಗಿದ್ರೆ ಡ್ಯೂಟಿ, ನಿಂತಿದ್ರೆ ವಿಶ್ರಾಂತಿ. ಜನ ಹತ್ತಲಿ ಅಂತ ಡ್ರೈವರ್ ಕಾಯ್ತಾ ಕೂತಿದ್ರೂ ವಿಶ್ರಾಂತಿನೇ. ಅವರು ನನ್ನ ಬೈತಾರೆ, ಅದು ಬೇರೆ ಮಾತು. ಹಾಗೇ ಇವಳದ್ದೂ. ಒಲೆ ಮುಂದೆ ಬೇಯೋವರೆಗೆ ನಿಂತಿರ್ತಾಳಲ್ಲ, ಅದು ಕಾಯೋದು. ತರಕಾರಿ ಹೆಚ್ಚೋದು ಕೂತ್ಕೊಂಡು. ನನ್ನ ಅಮ್ಮನಿಗೆ ಊಟ ಮಾಡಿಸೋದೂ ಕೂತ್ಕೊಂಡೇ. ಅಮ್ಮನಿಗೆ ಎಂಬತ್ತಾರು, ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾಳೆ. ಒಂದು ತುತ್ತು ಇಳಿಯೋಕೆ ಐದು ನಿಮಿಷ. ಆ ಐದು ನಿಮಿಷ ಇವಳಿಗೆ ವಿಶ್ರಾಂತಿ.

ವಯಸ್ಸಾದ ಹಾಗೆ ಕೆಲಸ ಕಮ್ಮಿ ಆಗುತ್ತೆ ಅಂತಾರೆ. ನನಗೆ ಐವತ್ತೆಂಟು, ಕಮ್ಮಿ ಆಗಿದೆ. ಮಗನಿಗೆ ಇಪ್ಪತ್ತೇಳು, ಅವನಿಗೆ ಆಗಲೇ ಆಗಿದೆ. ಇವಳಿಗೂ ಐವತ್ನಾಲ್ಕು…

ಅದಕ್ಕೇ ಆಗ್ಲೇ ಕೇಳಿದ್ದು, ಇವಳನ್ನ ಸಂಜೆ ಮನೆಗೆ ಕಳಿಸ್ತೀರಾ ಅಂತ. ಎರಡು ದಿನದಿಂದ ನಮ್ಮ ಅಕ್ಕ ಬಂದು ಅಮ್ಮನ್ನ ನೋಡ್ಕೋತಿದ್ದಾಳೆ. ಇವತ್ತು ಹೊರಡ್ತಾಳಂತೆ. ಇವಳು ಮನೇಲಿ ಹಾಯಾಗಿ ವಿಶ್ರಾಂತಿ ತಗೋಬಹುದು. ಹಾಳೇಲೇ ಇದೆಯಲ್ಲ.

ಬೆರಳು ಯಾಕೆ ಅಲ್ಲೇ ಇಟ್ಟಿದ್ದೀರಿ? ಅದು ಅವಳ ನಿದ್ದೆ. ಹತ್ತರಿಂದ ಐದು.

…ಹೌದು, ಮೂರು ಚುಕ್ಕಿ ಇದೆ. ಪೆನ್ಸಿಲ್‌ದು. ಹನ್ನೆರಡು, ಎರಡು, ನಾಲ್ಕು. ಅಮ್ಮನ ಬೆನ್ನಲ್ಲಿ ಹುಣ್ಣಾಗಬಾರದು ಅಂತ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸ್ಬೇಕು. ಇವಳು ಅಲಾರಂ ಇಟ್ಕೊಂಡು ಏಳ್ತಾಳೆ. ಆದ್ರೆ ಡ್ರೈವರ್ ಬಸ್ಸಲ್ಲೇ ಮಲಗಿದ್ರೆ ನಾವು ನೈಟ್ ಹಾಲ್ಟ್ ಅಂತ ಬರೀತೀವಿ, ಡ್ಯೂಟಿ ಅನ್ನಲ್ಲ. ಮಧ್ಯೆ ಯಾರೋ ಎಬ್ಬಿಸಿದ್ರು ಅಂತ…

ನಾನಾ? ನನಗೆ ಅಲಾರಂ ಕೇಳಿಸಲ್ಲ. ಅವಳಿಗೂ ಹಾಗೇ ಹೇಳಿದ್ದೀನಿ.

…ಹಾಗೆ ನೋಡ್ಬೇಡಿ ಡಾಕ್ಟ್ರೇ.

ಕಿವಿಗೇನೂ ಆಗಿಲ್ಲ. ಕೇಳಿಸುತ್ತೆ. ಮೂರು ಸಲವೂ ಕೇಳಿಸುತ್ತೆ. ಅವಳು ಎದ್ದು ಹೋಗಿ ಮತ್ತೆ ಬಂದು ಮಲಗೋವರೆಗೂ ಎಚ್ಚರವಾಗೇ ಇರ್ತೀನಿ. ಕಣ್ಣು ಮಾತ್ರ ಬಿಡಲ್ಲ. ಯಾಕಂದ್ರೆ ಒಂದು ಸಲ ಬಿಟ್ಟು ಸಿಕ್ಕಿಬಿದ್ರೆ, ಆಮೇಲೆ ದಿನಾ…

ಏನು ಸಿಸ್ಟರ್? ನನ್ನನ್ನ ಕರೀತಿದ್ದಾಳಾ? ಎದ್ದು ಕೂತಿದ್ದಾಳಾ? ಬಂದೆ, ಬಂದೆ.

ಡಾಕ್ಟ್ರೇ, ಅಳಿಸೋಣ ಅಂತ ರಬ್ಬರ್ ಕೈಯಲ್ಲೇ ಹಿಡ್ಕೊಂಡಿದ್ದೆ. ಮತ್ತೆ ಆ ಚುಕ್ಕಿ ಯಾಕೆ ಉಳಿಸ್ಕೊಂಡೆ ಅಂದ್ರೆ…